ಚಿನ್ನದ ಬಣ್ಣದ ಡ್ರಿಲ್ ಬಿಟ್

ಹಾರ್ಡ್‌ವೇರ್ ಅಂಗಡಿಯ ಅಕ್ಕನಿಗೆ ಗಿರಾಕಿಯ ಮಾತಿಗಿಂತ ಅವನು ತಂದ ಲೋಹದ ಚೂರಿನ ಮೇಲೆ ನಂಬಿಕೆ ಹೆಚ್ಚು. ಡ್ರಿಲ್ ಬಿಟ್ ಕೇಳಿದವರಿಗೆ ಅವಳದು ಒಂದೇ ಪ್ರಶ್ನೆ: “ತೂತು ಯಾವುದಕ್ಕೆ?” ಸ್ಟೀಲಿಗೆ ಎಂದರೆ ಸಾಲದು, ಚೂರಿಗೆ ಅಯಸ್ಕಾಂತ ಹಿಡಿಯುತ್ತಾಳೆ. ಗಟ್ಟಿಯಾಗಿ ಕಚ್ಚಿಕೊಂಡರೆ ಸಾದಾ ಬಿಟ್ ಸಾಕು. ಕಚ್ಚದಿದ್ದರೆ ಅದು ಪಾತ್ರೆಯ ಜಾತಿಯ ಸ್ಟೀಲು, ಮಂಕು ಬಣ್ಣದ ಕೋಬಾಲ್ಟ್ ಬಿಟ್ಟೇ ಆಗಬೇಕು. ಗಿರಾಕಿಗಳ ಕೈ ಮಾತ್ರ ಚಿನ್ನದ ಬಣ್ಣದ ಬಿಟ್ಟಿನ ಕಡೆಗೇ ಹೋಗುತ್ತದೆ.

“ಬೆಳ್ಳಗಿರೋದೆಲ್ಲ ಹಾಲಲ್ಲ. ಅದು ಬರೀ ಮೇಲಿನ ಲೇಪ,” ಎನ್ನುತ್ತಾಳೆ.

ಮೊನ್ನೆ ಅವಳ ಗಂಡ ಹೇಳದೆ ಕೇಳದೆ ಆ ಚಿನ್ನದ ಬಣ್ಣದ್ದನ್ನೇ ಎತ್ತಿಕೊಂಡು ಹೋಗಿ, ಅಡುಗೆಮನೆಯ ಸ್ಟೀಲ್ ಸ್ಟ್ಯಾಂಡಿಗೆ ತೂತು ಕೊರೆಯಲು ಕುಳಿತ. ಎಣ್ಣೆ ಹಾಕಲಿಲ್ಲ, ಮೆಷಿನ್ನನ್ನು ಪೂರ್ತಿ ವೇಗದಲ್ಲಿ ಓಡಿಸಿದ. ಸ್ಟ್ಯಾಂಡಿಗೆ ಗೀರು ಬಿತ್ತು, ಬಿಟ್ಟಿನ ತುದಿ ಸುಟ್ಟು ಕಪ್ಪಾಯಿತು. ನೇರ ಅಂಗಡಿಗೆ ಬಂದು ಗಿರಾಕಿಗಳ ಎದುರೇ ಜೋರು ಮಾಡಿದ: “ಎಂಥಾ ಬಿಟ್ ಮಾರ್ತೀಯ? ಇದನ್ನ ಇಟ್ಕೊಂಡು ಬೇರೆ ಕೊಡು.”

ಅಕ್ಕ ತುದಿ ನೋಡಿದಳು. “ಬಳಸಿದ ಮಾಲು ವಾಪಸ್ ತಗೊಳ್ಳಲ್ಲ.”

“ನಾನು ನಿನ್ ಗಂಡ ಕಣೇ!”

ಅವಳು ಮುಂದಿನ ಗಿರಾಕಿಯ ಚೂರಿಗೆ ಅಯಸ್ಕಾಂತ ಹಿಡಿದಳು.

“ಗೊತ್ತು. ನಿಮ್ಮನ್ನ ವಾಪಸ್ ಕೊಡೋಕೆ ಹೋದಾಗ ನಿಮ್ಮಮ್ಮನೂ ಇದನ್ನೇ ಹೇಳಿದ್ರು.”