ಕೊನೆಯ ಸವಾರ

ನಮ್ಮ ಸೈಕಲ್ ತಂಡದ ಕೊನೆಯ ಸವಾರ ಯಾರನ್ನೂ ಹಿಂದೆ ಹಾಕುವಂತಿಲ್ಲ. ಎಲ್ಲರಿಗಿಂತ ನಿಧಾನದವರ ಬೆನ್ನಿಗೇ ಇರಬೇಕು. ಇಂದು ಆ ಪಾಳಿ ನನ್ನದು. ಕುಂದಾಪುರ ದಾಟಿದ ಮೇಲೆ ತಂಡದ ಹಳದಿ ಅಂಗಿಯವರೊಬ್ಬರ ಹಿಂದೆ ಹೊರಟೆ. ಹೆಮ್ಮಾಡಿಯಲ್ಲಿ ಅವರು ಹೆದ್ದಾರಿ ಬಿಟ್ಟು ವಂಡ್ಸೆ ಕಡೆ ತಿರುಗಿದರು. ನಾನೂ ತಿರುಗಿದೆ. ಒಂದು ಮನೆಯೆದುರು ನಿಂತು ಹಾರ್ನ್ ಒತ್ತಿದರು. ಕ್ಯಾರಿಯರ್‌ಗೆ ಕಟ್ಟಿದ್ದ ಪೆಟ್ಟಿಗೆಯಲ್ಲಿ ಪ್ರಯಾಣದ ಸಾಮಾನು ಇದೆ ಎಂದುಕೊಂಡಿದ್ದೆ. ಮುಚ್ಚಳ ತೆರೆದರೆ ಬಂಗುಡೆ ಮೀನು.

"ಹ್ವಾಯ್, ನಿಮ್ಗ್ ಎಂತ ಬೇಕ್?" ಅವರು ನನ್ನತ್ತ ತಿರುಗಿ ಕೇಳಿದರು.

ನಾನು ಅವರ ಅಂಗಿಯತ್ತ ಬೆರಳು ತೋರಿಸಿದೆ.

"ಇದಾ? ಹೋದ್ ವರ್ಷ ನಿಮ್ಮವ್ರೊಬ್ರ್ ಕೊಟ್ಟದ್."

ಫೋನ್ ಮಾಡಿದೆ. ತಂಡದವರೆಲ್ಲ ಮರವಂತೆಯಲ್ಲಿ ಎಳನೀರು ಕುಡಿಯುತ್ತಿದ್ದರು. ಹಿಂದೆ ಉಳಿದವನು ನಾನೊಬ್ಬನೇ.

ಮೀನಿನವರು ಮನೆಯವರಿಗೆ ಮೀನು ಕೊಟ್ಟು ಸೈಕಲ್ ತಿರುಗಿಸಿದರು.

"ಹೈವೇ ತನ್ಕ ನೀವ್ ಮುಂದೆ ಹೋಯ್ನಿ. ಹಿಂದೆ ನಾನ್ ಬತ್ತೆ."