ಶಾಲೆ ನೋಡುವ ಶಾಸ್ತ್ರ

ನಮ್ಮ ಮನೆಯಲ್ಲಿ ಎತ್ತು ಕೊಳ್ಳುವುದಕ್ಕೂ ಸೊಸೆ ತರುವುದಕ್ಕೂ ಒಂದೇ ಪದ್ಧತಿ. ಹಿರಿಯರು ಹೋಗಿ ನೋಡಬೇಕು, ಬಂದು ಕೆಲವು ದಿನ ಗಂಭೀರವಾಗಿ ಸುಮ್ಮನಿರಬೇಕು, ಆಮೇಲೆ ಏನಾದರೊಂದು ಕೊರತೆ ಹೇಳಬೇಕು. ಎಪ್ಪತ್ತರ ದಶಕದ ನಡುವೆ, ಸಿಂದಗಿಯಲ್ಲಿ, ನನ್ನ ನಾಲ್ಕು ವರ್ಷದ ಮಗಳನ್ನು ಯಾವ ಶಿಶುವಿಹಾರಕ್ಕೆ ಹಾಕಬೇಕೆಂಬ ಪ್ರಶ್ನೆ ಬಂದಾಗಲೂ ಅವರಿಗೆ ಬೇರೆ ಪದ್ಧತಿ ಗೊತ್ತಿರಲಿಲ್ಲ.

ಪ್ರಶ್ನೆ ಎದ್ದದ್ದು ಕೂಸಿನ ಮೇಲಿನ ಕಾಳಜಿಯಿಂದಲ್ಲ. ನನ್ನ ನಾದಿನಿಯನ್ನು ಕೊಟ್ಟ ಆಲಮೇಲದ ಬೀಗರ ಮೊಮ್ಮಗನೊಬ್ಬ ವಿಜಾಪುರದ ಕ್ರಿಶ್ಚನ್ ಶಾಲೆಗೆ ಹೋಗುತ್ತಿದ್ದ. ದೀಪಾವಳಿಗೆ ನಮ್ಮ ಮನೆಗೆ ಬಂದವನು ಮಾವನವರ ಕಾಲಿಗೆ ಬೀಳುವ ಬದಲು ‘ಗುಡ್ ಮಾರ್ನಿಂಗ್’ ಎಂದ. ಆಗ ಹೊತ್ತು ಮುಳುಗುತ್ತಿತ್ತು. ಅದು ತಪ್ಪೆಂದು ಹೇಳುವಷ್ಟು ಇಂಗ್ಲಿಷು ಮಾವನವರಿಗೆ ಬರುತ್ತಿರಲಿಲ್ಲವಾದ್ದರಿಂದ ಅವಮಾನ ಪೂರ್ತಿಯಾಯಿತು. ಹಬ್ಬದ ಹೋಳಿಗೆಯನ್ನೂ ಅರ್ಧಕ್ಕೆ ಬಿಟ್ಟು ಎದ್ದರು.

ಮರುದಿನವೇ ತೀರ್ಮಾನವಾಯಿತು: ನಮಗೂ ಒಳ್ಳೆಯ ಕ್ರಿಶ್ಚನ್ ಶಾಲೆಯೇ ಬೇಕು. ಆದರೆ ಅದರಲ್ಲಿ ಕ್ರಿಶ್ಚನ್ನರು ಇರಬಾರದು. ಮಾವನವರ ಪ್ರಕಾರ ಒಳ್ಳೆಯ ಶಾಲೆಯೆಂದರೆ ಇಂಗ್ಲಿಷು, ಬಿಳಿ ಕಾಲುಚೀಲ, ಬೆತ್ತ. ಅತ್ತೆಯವರ ಪ್ರಕಾರ ಮೊಟ್ಟೆಯ ವಾಸನೆ ಬಾರದ್ದು. ನನ್ನ ಗಂಡನ ಪ್ರಕಾರ ಅಪ್ಪ ಒಳ್ಳೆಯದೆಂದದ್ದು. ಅವರು ಬಿ.ಎ. ಮುಗಿಸಿದ್ದರು, ಸ್ವಂತ ಅಭಿಪ್ರಾಯ ಮಾತ್ರ ಇನ್ನೂ ಬಂದಿರಲಿಲ್ಲ.

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ, ಅವಳು ಹೆದರದೆ ಹೋಗುವ ಶಾಲೆ ಬೇಕು, ಬೇಗ ಬೇಕು ಎಂದು. ನನಗೆ ಶಾಲೆಯೆಂದರೆ ಜೀವ. ಮುದ್ದೇಬಿಹಾಳದಲ್ಲಿ ಏಳನೆಯ ಇಯತ್ತೆ ಓದುತ್ತಿದ್ದಾಗ ಇದೇ ಹಿರಿಯರು ನಮ್ಮ ಮನೆಗೆ ಬಂದರು. ನನ್ನನ್ನು ನಡೆಸಿ ನೋಡಿದರು, ಹಾಡಿಸಿ ನೋಡಿದರು, ಕೊನೆಗೆ ಸಕ್ಕರೆ ತಿನ್ನಿಸಿದರು. ನಮ್ಮ ಕಡೆ ಸಕ್ಕರೆ ಬಾಯಿಗೆ ಬಿತ್ತೆಂದರೆ ಮಾತು ಮುಗಿಯಿತು, ಎರಡೂ ಕಡೆಯವರು ಹಿಂದೆ ಸರಿಯುವಂತಿಲ್ಲ. ಮರುದಿನ ನನ್ನ ಪಾಟಿಚೀಲ ತಮ್ಮನ ಹೆಗಲೇರಿತು. ಆ ಸಿಟ್ಟು ನನ್ನಲ್ಲಿ ಇಂದಿಗೂ ಆರಿಲ್ಲ.

ಮೊದಲು ನೋಡಿದ್ದು ಬಜಾರದ ‘ಕಾನ್ವೆಂಟ್’. ಕಾಳುಕಡಿ ದಲಾಲಿಯ ಅಡತಿ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಪೈಕಿಯವರೇ ಒಬ್ಬರು ತೆರೆದಿದ್ದರು. ಹೆಸರಿಗೆ ತಕ್ಕಂತಿರಲೆಂದು ಗೋಡೆಗೆ ಏಸುವಿನ ಕ್ಯಾಲೆಂಡರ್ ತೂಗುಹಾಕಿ, ನಮ್ಮವರಿಗೆ ಬೇಸರವಾಗಬಾರದೆಂದು ಆತನ ಹಣೆಗೆ ವಿಭೂತಿ ಹಚ್ಚಿದ್ದರು. ಮಾಸ್ತರರು ಬೆತ್ತ ಎತ್ತಿ ‘ಆಪಲ್’ ಎಂದರೆ ಮಕ್ಕಳು ಬೆತ್ತವನ್ನೇ ನೋಡುತ್ತ ‘ಆಪಲ್’ ಎನ್ನುತ್ತಿದ್ದವು. ಒಂದು ಕೂಸು ಕುಳಿತಲ್ಲೇ ಒದ್ದೆ ಮಾಡಿಕೊಂಡಿತ್ತು. ನನ್ನ ಮಗಳು ನನ್ನ ಸೆರಗಿನೊಳಗೆ ಸೇರಿಕೊಂಡು ಹೊರಗೇ ಬರಲಿಲ್ಲ. ಮಾವನವರಿಗೆ ಶಾಲೆ ಬಹಳ ಹಿಡಿಸಿತು.

ಆದರೆ ಒಂದನ್ನೇ ನೋಡಿ ಒಪ್ಪಿದರೆ ದೊಡ್ಡ ಮನೆತನ ಎನಿಸಿಕೊಳ್ಳುವುದಿಲ್ಲ. ಬೇಡವೆನ್ನುವುದಕ್ಕಾದರೂ ಇನ್ನೊಂದನ್ನು ನೋಡಬೇಕು. ಹಾಗಾಗಿ ಬಿಸಿಲು ನೆತ್ತಿಗೇರಿದ ಹೊತ್ತಿಗೆ ಊರ ಹೊರಗೆ, ಇಂಡಿ ರಸ್ತೆಯಲ್ಲಿ, ಮಂಗಳೂರು ಕಡೆಯ ಇಬ್ಬರು ಸಿಸ್ಟರುಗಳು ಬಾಡಿಗೆ ಮನೆಯಲ್ಲಿ ನಡೆಸುತ್ತಿದ್ದ ಶಿಶುವಿಹಾರಕ್ಕೆ ಹೋದೆವು.

ಅತ್ತೆಯವರು ನೆಟ್ಟಗೆ ಅಡುಗೆಮನೆ ಹೊಕ್ಕು ಪಾತ್ರೆಗಳ ಮುಚ್ಚಳ ಎತ್ತಿದರು. ಅನ್ನ, ತೊಗರಿಬೇಳೆ ಸಾರು. ನಿರಾಶೆಯಿಂದ ಹೊರಬಂದು, ಹಿರಿಯ ಸಿಸ್ಟರಿಗೆ ಇನ್ನೂ ಯಾಕೆ ಮದುವೆಯಾಗಿಲ್ಲವೆಂದು ವಿಚಾರಿಸಿದರು. ಮಾವನವರು ಮನೆತನ, ಹೊಲ, ಅಣ್ಣತಮ್ಮಂದಿರ ವಿಷಯ ಕೇಳಿದರು. ಪಾಪ, ಆಕೆ ಹೆಣ್ಣಿನ ತಂದೆಯಂತೆ ಎಲ್ಲಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ನೀರು ತಂದಿಟ್ಟಾಗ ಮಾವನವರು ಈಗಷ್ಟೇ ಕುಡಿದು ಬಂದೆವೆಂದು ಒಣಗಿದ ತುಟಿ ಸವರಿಕೊಂಡರು. ಆ ಮನೆಯ ನೀರು ಅವರ ಗಂಟಲಿಗೆ ಇಳಿಯುವಂಥದ್ದಲ್ಲ ಎಂಬುದು ಆಕೆಗೂ ಅರ್ಥವಾಯಿತು.

ಅಷ್ಟರಲ್ಲಿ ಮಗಳು ನನ್ನ ಸೆರಗು ಬಿಟ್ಟಿದ್ದಳು. ಅಂಗಳದಲ್ಲಿ ಮಕ್ಕಳು ಹಸಿಮಣ್ಣಿನಿಂದ ರೊಟ್ಟಿ ಬಡಿಯುತ್ತಿದ್ದವು. ಹೋಗಿ ನಡುವೆ ಕುಳಿತು ತಾನೂ ಬಡಿಯತೊಡಗಿದಳು. ಯಾರೂ ಅವಳನ್ನು ಗದರಲಿಲ್ಲ. ನನಗೆ ಬೇಕಾದ ಶಾಲೆ ಸಿಕ್ಕಿತು. ಮಾವನವರಿಗೆ ಬೇಕಾದ ಕೊರತೆ ಸಿಕ್ಕಿತು.

“ಮಣ್ಣಾಗ ಆಡಾಕ ಸಾಲಿ ಯಾಕ ಬೇಕ್ರಿ ಅಕ್ಕಾರ? ನಮ್ಮನ್ಯಾಗ ಹಿತ್ತಲಾ ಐತಿ,” ಎಂದು ಎದ್ದು ಚಪ್ಪಲಿ ಹುಡುಕತೊಡಗಿದರು. ಬಜಾರದ ಬೆತ್ತವೇ ಗಟ್ಟಿಯಾಯಿತೆಂದುಕೊಂಡೆ.

ಅಂದು ಯಾವುದೋ ಮಗುವಿನ ಹುಟ್ಟುಹಬ್ಬ. ಕಿರಿಯ ಸಿಸ್ಟರು ತಟ್ಟೆಯಲ್ಲಿ ಸಕ್ಕರೆ ತಂದು ಎಲ್ಲ ಮಕ್ಕಳಿಗೂ ಹಂಚಿದರು. ನನ್ನ ಮಗಳು ಕೈಯೊಡ್ಡಿ ಇಸಿದುಕೊಂಡು ತಿಂದಳು. ಮನೆಯಲ್ಲಿ ಅಜ್ಜನಿಗೆ ಒಂದು ತುತ್ತು ಕೊಡದೆ ಅವಳು ಏನನ್ನೂ ಮುಗಿಸುತ್ತಿರಲಿಲ್ಲ. ಅಜ್ಜ ಹೊರಟದ್ದು ಕಂಡು ಓಡಿ ಬಂದು, ಮಣ್ಣಿನ ಬೆರಳಿನಲ್ಲೇ ಉಳಿದ ಸಕ್ಕರೆಯನ್ನು ಅವರ ಬಾಯಿಗೆ ಹಿಡಿದಳು. ಚಪ್ಪಲಿ ಮೆಟ್ಟುತ್ತಿದ್ದ ಮಾವನವರು ದಿನದ ರೂಢಿಯಂತೆ ಬಾಗಿ ಬಾಯಿ ತೆರೆದರು. ನುಂಗಿದ ಮೇಲೆಯೇ ತಾವು ಎಲ್ಲಿದ್ದೇವೆಂಬುದು ನೆನಪಾದದ್ದು.

ಆವರೆಗೆ ನಾನು ಅವರೆದುರು ಒಂದು ಮಾತೂ ಆಡಿದವಳಲ್ಲ. ಅಂದು ಸೆರಗಿನ ಮರೆಯಿಂದಲೇ ಹೇಳಿದೆ: “ಮಾವಾರ, ಕೂಸೂ ಸಕ್ಕರಿ ತಿಂತು, ನೀವೂ ತಿಂದ್ರಿ. ಇನ್ನ ಮಾತು ಮುಗೀತಲ್ರಿ.”

ಗಂಡ ಅಪ್ಪನ ಮುಖ ನೋಡಿದರು, ಮಾವನವರು ಅತ್ತೆಯವರ ಮುಖ ನೋಡಿದರು. ಅಂದು ಮುದ್ದೇಬಿಹಾಳದಲ್ಲಿ ನನ್ನ ಬಾಯಿಗೆ ಸಕ್ಕರೆ ಹಾಕಿದ್ದೇ ಅತ್ತೆಯವರ ಕೈ. ಅವರು ನನ್ನತ್ತ ಒಮ್ಮೆ ನೋಡಿ ಮಾವನವರ ಕಡೆ ತಿರುಗಿದರು.

“ಮುಗೀತ್ರಿ,” ಎಂದರು. “ಸಕ್ಕರಿ ತಿಂದ ಮ್ಯಾಲ ಒಲ್ಲೆ ಅನ್ನೂದು ನಮ್ಮ ಮನಿತನಕ್ಕ ಚಲೋ ಅಲ್ಲ.”

ಯುಗಾದಿಯ ಹೊತ್ತಿಗೆ ಮಾವನವರು ಆಲಮೇಲದ ಬೀಗರಿಗೆ, ಹತ್ತು ಕಡೆ ವಿಚಾರಿಸಿ ತಾವೇ ಆರಿಸಿದ ಶಾಲೆಯೆಂದು ಹೇಳುತ್ತಿದ್ದರು. ನಾನು ಒಳಗೆ ಚಹಾ ಸೋಸುತ್ತ ಕೇಳಿಸಿಕೊಂಡೆ. ಹೇಳಲಿ ಬಿಡಿ.

ಮೊದಲ ದಿನ ನಾನೇ ಬಿಡಲು ಹೋದೆ. ಮಗಳ ಹೆಗಲಿಗೆ ಹೊಸ ಪಾಟಿಚೀಲ, ನನ್ನದಿದ್ದಂಥದ್ದೇ, ಖಾಕಿ ಬಟ್ಟೆಯದು. ಸಿಸ್ಟರು ಬಾಗಿಲಲ್ಲಿ ನಿಂತು, ಮೊದಲ ದಿನ ಮಕ್ಕಳು ಅಳುವುದು ಸಹಜ, ಚಿಂತೆ ಮಾಡಬೇಡಿ ಎಂದರು. ಅಳು ಬಂದದ್ದು ನನಗೆ. ಮಗಳು ತಿರುಗಿ ಕೂಡ ನೋಡದೆ ಒಳಗೆ ಹೋದಳು.