ಕರಿದಾರ ಕಟ್ಟಿದ ಕೈ

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಗಾದೆ ಮಾಡಿ ನಗುತ್ತಾರೆ. ನಮ್ಮ ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ಅಜ್ಜಿಯರು ಕುಲಾವಿಗೆ ನಿಲ್ಲುವವರಲ್ಲ. ಮಗಳಿಗೋ ಸೊಸೆಗೋ ನೋವು ಶುರುವಾಗಿ ಆಸ್ಪತ್ರೆಗೆ ಕರೆತರುವಾಗಲೇ ಸೆರಗಿನ ಗಂಟಿನಲ್ಲಿ ಕರಿದಾರ ಇಟ್ಟುಕೊಂಡು ಬಂದಿರುತ್ತಾರೆ. ಕೂಸನ್ನು ಒರೆಸಿ, ಬಟ್ಟೆ ಸುತ್ತಿ ಅವರ ಕೈಗೆ ಕೊಟ್ಟರೆ ಸಾಕು, ಗಂಡೋ ಹೆಣ್ಣೋ ಎಂದು ಹೊರಗಿದ್ದವರು ಕೇಳುವುದರೊಳಗೆ ಅದರ ಮುಂಗೈಗೆ ಒಂದು ಎಳೆ ಬಿದ್ದಿರುತ್ತದೆ. ನದರ ಹತ್ತಬಾರದಲ್ಲ! ನದರ ಎಂದರೆ ನಮ್ಮಲ್ಲಿ ಕೆಟ್ಟ ದೃಷ್ಟಿ. ಹಿಂದೂಗಳಾಗಲಿ, ನಮ್ಮಂಥ ಮುಸಲ್ಮಾನರಾಗಲಿ, ಈ ಒಂದು ವಿಷಯದಲ್ಲಿ ಎಲ್ಲರದ್ದೂ ಒಂದೇ ಮತ.

ನಾನು ನರ್ಸು. ಅರ್ಧ ಆಯುಷ್ಯವನ್ನು ಹೆರಿಗೆ ಕೋಣೆಯಲ್ಲಿ ಕಳೆದವಳು. ಕೊಟ್ಟೂರಿನ ಲಾರಿ ಮೆಕ್ಯಾನಿಕ್ಕಿನ ಮಗಳು, ಜಾಕಿನ ಮೇಲೆ ನಿಂತ ಲಾರಿಯ ಕೆಳಗೆ ಆಡಿ ಬೆಳೆದವಳು. ನನ್ನ ಧೈರ್ಯದ ಬಗ್ಗೆ ನನಗೆ ಯಾವತ್ತೂ ಅನುಮಾನವಿರಲಿಲ್ಲ, ಈಗಲೂ ಇಲ್ಲ. ಆದರೂ ತೊಂಬತ್ತರ ದಶಕದ ಶುರುವಿನಲ್ಲಿ, ಕೂಸಿನ ಕೈಯಲ್ಲಿ ಕರಿದಾರ ಕಂಡರೆ ನನ್ನ ಕೈ ನನ್ನ ಮಾತು ಕೇಳುತ್ತಿರಲಿಲ್ಲ. ಸೀದಾ ಕತ್ತರಿಗೆ ಹೋಗುತ್ತಿತ್ತು. ಅದರಿಂದ ನಾನು ಪ್ರಾಣದಂತೆ ಪ್ರೀತಿಸುವ ಕೆಲಸವೇ ಕೈತಪ್ಪುವುದರಲ್ಲಿತ್ತು.

ಬಳ್ಳಾರಿಯಲ್ಲಿ ನರ್ಸಿಂಗ್ ಕಲಿತು, ಮುಂಬಯಿಯ ಏಜೆಂಟನೊಬ್ಬನ ಮೂಲಕ ನಾನು ಕುವೈತಿಗೆ ಹೋಗಿದ್ದೆ. ತೊಂಬತ್ತರಲ್ಲಿ ಇರಾಕಿನ ಸೈನ್ಯ ಒಳಗೆ ನುಗ್ಗಿದಾಗ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಡ್ಯೂಟಿಯಲ್ಲಿದ್ದೆ. ಗಾಯವಾದವರು ಬಂದು ಬಂದು ಮಂಚ ತುಂಬಿತು, ನೆಲ ತುಂಬಿತು, ಆಮೇಲೆ ವರಾಂಡ. ಆಪರೇಷನ್ ಮಾಡುವ ಕೈಗಳು ಮಾತ್ರ ಕೆಲವೇ. ಅಂಥ ಹೊತ್ತಿನಲ್ಲಿ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಉಂಟು: ಉಳಿಯುವವರನ್ನು ಮೊದಲು ಒಳಗೆ ಒಯ್ಯಬೇಕು, ಉಳಿಯದವರನ್ನು ಬಿಡಬೇಕು. ಯಾರನ್ನು ಬಿಟ್ಟದ್ದು ಎಂದು ತಿಳಿಯಲು ಗುರುತು ಬೇಕಲ್ಲ. ಗುರುತಿನ ಪಟ್ಟಿಗಳು ಮುಗಿದಿದ್ದವು. ಗಾಯ ಹೊಲಿಯುವ ಕಪ್ಪು ರೇಷ್ಮೆ ದಾರ ಬೇಕಾದಷ್ಟಿತ್ತು. ಸರ್ಜನ್ ಒಬ್ಬೊಬ್ಬರನ್ನೇ ನೋಡಿ ತಲೆ ಅಲ್ಲಾಡಿಸಿದರೆ, ಹಿಂದೆ ಬರುತ್ತಿದ್ದ ನಾನು ಆ ಮನುಷ್ಯನ ಮುಂಗೈಗೆ ಒಂದು ಎಳೆ ಕಟ್ಟಬೇಕು. ಸ್ಟ್ರೆಚರ್ ಹೊರುವವರು ದಾರ ನೋಡಿ ದಾಟಿ ಹೋಗುತ್ತಿದ್ದರು.

ಹಾಗೆ ಕಟ್ಟಿಸಿಕೊಂಡವರಲ್ಲಿ ಹೈದರಾಬಾದ್ ಕಡೆಯ ಲಾರಿ ಡ್ರೈವರ್ ಒಬ್ಬನಿದ್ದ. ಹೊಟ್ಟೆಗೆ ಪೆಟ್ಟು ಬಿದ್ದಿತ್ತು, ಪ್ರಜ್ಞೆ ಪೂರ್ತಿ ಇತ್ತು. ನನ್ನ ಉರ್ದು ಕೇಳಿ ಅವನ ಮುಖ ಅರಳಿತು. ನಮ್ಮಪ್ಪನದು ಗ್ಯಾರೇಜು ಎಂದೆ. ಆರು ಚಕ್ರದ ಗಾಡಿ ಮಾತ್ರವೋ, ಹತ್ತು ಚಕ್ರದ್ದೂ ರಿಪೇರಿ ಮಾಡುತ್ತಾರೋ ಎಂದು ಕೇಳಿದ. ಆ ಸ್ಥಿತಿಯಲ್ಲಿ ಅದನ್ನು ಕೇಳಿದ! ಅಷ್ಟರಲ್ಲಿ ನನ್ನ ಕೈಯ ದಾರದ ಮೇಲೆ ಅವನ ಕಣ್ಣು ಬಿತ್ತು. ಇದೇನು ಸಿಸ್ಟರ್ ಎಂದ. ನನ್ನ ಬಾಯಿಗೆ ಬಂದದ್ದು ನಮ್ಮೂರ ಅಜ್ಜಿಯರ ಮಾತು. ನದರ ಹತ್ತಬಾರದು ಅಂತ ಕಟ್ಟುತ್ತಿದ್ದೇನೆ ಎಂದೆ. ಅವನಿಗೆ ಸಮಾಧಾನವಾಯಿತು. ಕೈ ಎತ್ತಿ ಪಕ್ಕದವನಿಗೂ ತೋರಿಸಿದ. ಸಂಜೆ ನಾನು ಆ ಕಡೆ ಹೋದಾಗ ಜೀವ ಹೋಗಿತ್ತು. ಕೈಯನ್ನು ಎದೆಯ ಮೇಲೆ ಇಟ್ಟುಕೊಂಡಿದ್ದ, ದಾರ ಎಲ್ಲರಿಗೂ ಕಾಣುವಂತೆ.

ಆ ಸುಳ್ಳಿಗೆ ನಾನು ಯಾರ ಕ್ಷಮೆಯನ್ನೂ ಕೇಳುವವಳಲ್ಲ. ಸಾಯುವವನಿಗೆ ಒಂದು ಒಳ್ಳೆಯ ಮಾತು ಕೊಟ್ಟು ಕಳಿಸಿದೆ. ನನ್ನ ತಲೆಗೆ ಅದು ಒಪ್ಪಿಗೆಯಾಗಿತ್ತು. ಕೈ ಒಪ್ಪಿರಲಿಲ್ಲ ಎಂದು ತಿಳಿದದ್ದು ಊರಿಗೆ ಬಂದ ಮೇಲೆ.

ಜೋರ್ಡಾನಿನ ಮರಳುಗಾಡು ದಾಟಿ, ವಿಮಾನದಲ್ಲಿ ಮುಂಬಯಿಗೆ ಬಂದು, ಕೊನೆಗೆ ಕೊಟ್ಟೂರಿನ ಬಸ್ಸಿಳಿದಾಗ ನನ್ನ ಹತ್ತಿರ ಇದ್ದದ್ದು ಒಂದು ಹೆಗಲ ಚೀಲ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ಓಣಿಯ ಹೆಂಗಸರು ನಲ್ಲಿಯ ಹತ್ತಿರ ಕಾಯುತ್ತಿದ್ದರು. ಅವರಿಗೆ ಯುದ್ಧದ ಸುದ್ದಿ ಬೇಡ, ಬಂಗಾರದ ಸುದ್ದಿ ಬೇಕು.

"ಏನ್ ತಂದೀಯ ಬೇ, ಅಷ್ಟು ದೂರದಿಂದ?"

"ಜೀವ ತಂದೀನಿ. ತೂಕ ಮಾಡಿ ನೋಡ್ರಿ," ಎಂದೆ. ಆಮೇಲೆ ಯಾರೂ ಕೇಳಲಿಲ್ಲ.

ಸ್ವಲ್ಪ ದಿನಕ್ಕೆ ಹಗರಿಬೊಮ್ಮನಹಳ್ಳಿಯ ಒಂದು ಚಿಕ್ಕ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಡೆಸುತ್ತಿದ್ದವರು ಹರಪನಹಳ್ಳಿಯ ಕಡೆಯ ಡಾಕ್ಟರಮ್ಮ, ಮಾತು ಕಡಿಮೆ, ಕಣ್ಣು ಚುರುಕು. ಹೆರಿಗೆಯ ಜೊತೆಗೆ ಊರ ಮುದುಕರ ಬಿ.ಪಿ., ಜ್ವರವನ್ನೂ ನೋಡುತ್ತಿದ್ದರು. ದಿನಾ ಕೊಟ್ಟೂರಿನಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಯುದ್ಧ ಕಂಡವರು ಪಟಾಕಿಗೂ ಬೆಚ್ಚುತ್ತಾರೆ ಎಂದು ಯಾರೋ ಹೇಳಿದ್ದರು. ಅಪ್ಪನ ಗ್ಯಾರೇಜಿನಲ್ಲಿ ಟೈರು ಢಂ ಎಂದು ಒಡೆದಾಗ ನನ್ನ ಕೈಯಲ್ಲಿದ್ದ ಚಹಾದ ಲೋಟ ಅಲುಗಾಡಲಿಲ್ಲ. ಹುಟ್ಟಿದಾಗಿನಿಂದ ಕೇಳಿದ ಸದ್ದು ಅದು. ಅದನ್ನೇ ನೆಚ್ಚಿಕೊಂಡು, ನನಗೇನೂ ಆಗಿಲ್ಲ, ಕಲ್ಲಿನಂತಿದ್ದೇನೆ ಎಂದು ಮೆರೆದೆ. ನಿದ್ದೆ ಮಾತ್ರ ಹತ್ತುತ್ತಿರಲಿಲ್ಲ. ಸೆಕೆ ಎಂದುಕೊಂಡೆ.

ಹಾಗಿರುವಾಗ ಕೋಗಳಿಯಿಂದ ಒಬ್ಬ ಹೆಣ್ಣುಮಗಳು ಹೆರಿಗೆಗೆ ಬಂದಳು. ಗಂಡು ಕೂಸು. ಹುಟ್ಟಿದ್ದು ಹುಟ್ಟಿತು, ಅಳಲೊಲ್ಲದು. ನಾನು ಬೆನ್ನು ತಿಕ್ಕಿ, ಅಂಗಾಲಿಗೆ ಬಡಿದು, ಮೂಗು ಬಾಯಿ ಶುದ್ಧ ಮಾಡಿ ಅಂತೂ ಅಳಿಸಿದೆ. ಆ ಅಳು ಕೇಳುವ ಸುಖವೇ ಬೇರೆ. ಕೂಸನ್ನು ಅಜ್ಜಿಯ ಕೈಗಿತ್ತು ಕೈ ತೊಳೆದು ಬಂದೆ. ಬಟ್ಟೆಯೊಳಗಿಂದ ಪುಟ್ಟ ಮುಂಗೈ ಹೊರಗೆ ಬಂದಿತ್ತು. ಅದರ ಮೇಲೆ ಕರಿದಾರ. ಮುಂದೆ ನನಗೆ ಗೊತ್ತಾಗುವಷ್ಟರಲ್ಲಿ ಕತ್ತರಿ ನನ್ನ ಕೈಯಲ್ಲಿತ್ತು, ದಾರ ನೆಲದ ಮೇಲಿತ್ತು, ಅಜ್ಜಿ ಆಸ್ಪತ್ರೆ ಹಾರಿಹೋಗುವಂತೆ ಕೂಗುತ್ತಿದ್ದಳು.

"ಏನ್ ಧಾಡಿ ಬಂದಿತ್ತ ನಿನ್ನ ಕೈಗೆ, ನರ್ಸವ್ವಾ? ಹಸಗೂಸಿನ ದಾರ ಕಡೀತಾರೇನು?"

"ದಾರದಾಗ ಹೊಲಸಿರತೈತಿ ಅಜ್ಜಿ, ಕೂಸಿಗೆ ನಂಜಾಗತೈತಿ," ಎಂದೆ. ಹೇಳಿದ ಮೇಲೆ ನನಗೇ ಅದು ಸರಿ ಎನ್ನಿಸಿತು. ಡಾಕ್ಟರಮ್ಮನೂ ಹೌದೆಂದರು. ಅಜ್ಜಿ ಗೊಣಗುತ್ತಾ ಮೊಮ್ಮಗನನ್ನು ಎತ್ತಿಕೊಂಡು ಹೋದಳು. ಅಲ್ಲಿಂದ ಮುಂದೆ ಯಾವ ಕೂಸಿನ ದಾರವನ್ನೂ ನಾನು ಉಳಿಸಲಿಲ್ಲ. ಸುತ್ತಲಿನ ಹಳ್ಳಿಗಳಲ್ಲಿ ನನಗೆ ಕತ್ತರಿ ಸಿಸ್ಟರ್ ಎಂದು ಹೆಸರು ಬಿತ್ತು. ಬಹಳ ಶುದ್ಧದ ಹೆಂಗಸು ಎಂದು ಹೊಗಳಿದವರೂ ಇದ್ದರು. ನಾನು ಸೆರಗು ಸರಿಮಾಡಿಕೊಂಡು ಹೊಗಳಿಕೆಯನ್ನು ತೆಗೆದುಕೊಂಡೆ.

ಕಾನಹೊಸಹಳ್ಳಿಯವರ ಒಂದು ಹೆಣ್ಣುಕೂಸಿಗೆ ದಾರವನ್ನು ಬಿಗಿಯಾಗಿ ಕಟ್ಟಿದ್ದರು. ಅವಸರದಲ್ಲಿ ಕತ್ತರಿಯ ಮೊನೆ ಚರ್ಮಕ್ಕೆ ತಾಗಿತು. ಸಾಸಿವೆ ಕಾಳಿನಷ್ಟು ರಕ್ತ ಬಂತು, ಅಷ್ಟೇ. ಹಚ್ಚುವುದನ್ನು ಹಚ್ಚಿ ಕೂಸನ್ನು ತಾಯಿಯ ಮಗ್ಗುಲಿಗೆ ಮಲಗಿಸಿದೆ. ಬಾಗಿಲಲ್ಲಿ ನಿಂತಿದ್ದ ಡಾಕ್ಟರಮ್ಮ ನನ್ನನ್ನು ತಮ್ಮ ಕೋಣೆಗೆ ಕರೆದರು.

"ಇದು ಸ್ವಚ್ಛತೆ ಅಲ್ಲಮ್ಮ. ನಿನ್ನ ಮುಖ ನೋಡ್ದೆ ನಾನು. ನೀನು ಆ ಕೂಸನ್ನ ನೋಡ್ತಿರ್ಲಿಲ್ಲ, ಬೇರೆ ಯಾರನ್ನೋ ನೋಡ್ತಿದ್ದೆ. ಏನಾಗೈತೆ ಹೇಳು."

ಏನೂ ಇಲ್ಲ ಎಂದು ನಾನು ಕತ್ತರಿ ಒರೆಸತೊಡಗಿದೆ.

"ಹಂಗಾರೆ ಹೆರಿಗೆ ಕೋಣೆ ಬ್ಯಾಡ. ಹೊರಗೆ ಕೂತು ಬಿ.ಪಿ. ನೋಡು. ದಾರ ಕಟ್ಟಿದ ಕೂಸನ್ನ ಕತ್ತರಿ ಇಲ್ದೆ ಎತ್ಕಂಡ ದಿನ ಒಳಗೆ ಬಾ."

ಸಿಟ್ಟು ನೆತ್ತಿಗೇರಿತು. ಯುದ್ಧದಲ್ಲಿ ದುಡಿದು ಬಂದವಳನ್ನು ಬಾಗಿಲ ಹೊರಗೆ ಕೂರಿಸಿದರಲ್ಲ! ಹೊರಗೆ ಕೂತು ಮುದುಕರ ತೋಳಿಗೆ ಪಟ್ಟಿ ಸುತ್ತುವಾಗ, ಒಳಗಿನಿಂದ ಹೊಸ ಕೂಸಿನ ಮೊದಲ ಅಳು ಕೇಳಿಸುತ್ತಿತ್ತು. ಬೇರೆಯವರು ಅಳಿಸಿದ ಕೂಸು ಅದು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈ ಕೆಲಸ ಇಲ್ಲದಿದ್ದರೆ ನಾನು ಯಾರು ಎಂದು ಮೊದಲ ಸಲ ಭಯವೂ ಆಯಿತು.

ಮನೆಯಲ್ಲಿ ನಮ್ಮ ಮಾತು ಉರ್ದು. ಬೈಯುವಾಗ ಮಾತ್ರ ನಮ್ಮ ತಾಯಿ, ಅಮ್ಮಿ, ಕನ್ನಡಕ್ಕೆ ಬರುತ್ತಿದ್ದಳು. ನಾನು ನಿದ್ದೆಗೆಟ್ಟು ಒಣಗುತ್ತಿರುವುದನ್ನು ನೋಡಿ ದರ್ಗಾದಿಂದ ಒಂದು ತಾಯತ ತಂದಳು. ತಾಯತವನ್ನು ಪೋಣಿಸಿದ್ದು ಕರಿದಾರದಲ್ಲಿ, ಇನ್ನೇನು! ಅವಳು ಕಟ್ಟಲು ಬಂದಾಗ ನಾನು ತೋಳು ಹಿಂದಕ್ಕೆ ಎಳೆದುಕೊಂಡ ರಭಸಕ್ಕೆ ಗೋಡೆಗೆ ಬಡಿಯಿತು. ಅಮ್ಮಿ ಹಣೆ ಚಚ್ಚಿಕೊಂಡಳು. "ಊರ ಮಂದಿಗೆಲ್ಲಾ ಸೂಜಿ ಚುಚ್ತಿ. ನಿನಗ ದಾರ ಚುಚ್ಚತೈತೇನ ಬೇ?" ಎಂದು ತಾಯತವನ್ನು ಗೋಡೆಯ ಗೂಡಿನಲ್ಲಿಟ್ಟಳು. ಮನೆಯ ಮುಂದಿನ ಗ್ಯಾರೇಜಿನಲ್ಲಿದ್ದ ಅಪ್ಪ ಲಾರಿಯ ಕೆಳಗಿನಿಂದಲೇ, ಜಾಮಾದ ನಟ್ಟಿಗೆ ಸುತ್ತಿಗೆ ಹಾಕಬೇಡ, ಎಣ್ಣೆ ಬಿಟ್ಟು ಸುಮ್ಮನಿರು ಎಂದು ಅವಳಿಗೆ ಹೇಳಿದ. ನಾನೇನು ನಟ್ಟೇ ಎಂದು ಅವನ ಮೇಲೂ ಹರಿಹಾಯ್ದೆ.

ಕೆಲವು ತಿಂಗಳಾದ ಮೇಲೆ, ಬಿ.ಪಿ. ನೋಡುತ್ತಾ ಕೂತಿದ್ದ ನನ್ನ ಮುಂದೆ ಕೋಗಳಿಯ ಅಜ್ಜಿ ಬಂದು ನಿಂತಳು. ಸೊಂಟದ ಮೇಲೆ ಅದೇ ಮೊಮ್ಮಗ. ಮೂಗು ಸೋರುತ್ತಿತ್ತು, ತೊಡೆ ಮಾತ್ರ ದುಂಡಗಿದ್ದವು.

"ಮ್ಯಾಲಿಂದ ಮ್ಯಾಲೆ ನೆಗಡಿ, ಜ್ವರ. ಔಷಧ ಕೊಡಿಸೀನಿ. ಆದ್ರ ನೀ ಕಡಿದ ದಾರದ ದೋಷ ಹಂಗ ಉಳದೈತಿ. ಕಡಿದ ಕೈನ ಕಟ್ಟಬೇಕು. ತಗೋ," ಎಂದು ಸೆರಗಿನ ಗಂಟು ಬಿಚ್ಚಿ ಹೊಸ ದಾರವನ್ನು ನನ್ನ ಅಂಗೈಯಲ್ಲಿಟ್ಟಳು.

"ಇನ್ನೊಬ್ರು ಸಿಸ್ಟರ್ ಕಟ್ತಾರ, ಕರೀತೀನಿ."

"ಅವರು ಯಾಕ ಕಟ್ತಾರ? ಅವರೇನು ಕಡಿದಿದ್ರಾ?"

ದಾರವನ್ನು ತಿರುಗಿ ಕೊಡಲು ಹೋದೆ, ಅವಳು ಮುಟ್ಟಲಿಲ್ಲ. ಯಾರಿಗೂ, ಹೆತ್ತ ತಾಯಿಗೂ ಹೇಳದ ಮಾತು, ಆ ಹೊರಗಿನ ಮುದುಕಿಯ ಮುಂದೆ ಬಾಯಿಂದ ಬಿದ್ದುಹೋಯಿತು. "ಅಜ್ಜಿ, ನಾನು ಯುದ್ಧದ ಊರಾಗ ಇದ್ದೆ. ಅಲ್ಲಿ ಸಾಯೋರ ಕೈಗೆ ಇದನ್ನ ಕಟ್ಟೀನಿ. ನಾ ಕಟ್ಟಿದೋರು ಒಬ್ರೂ ಉಳೀಲಿಲ್ಲ."

ಅಜ್ಜಿ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

"ನೀ ಕಟ್ಟಿದ್ದಕ್ಕ ಸತ್ರೇನು?"

"ಇಲ್ಲ. ಹೆಂಗಿದ್ರೂ ಹೋಗೋರಿದ್ರು."

"ಮತ್ತ? ಇವ ಹೋಗೋನಲ್ಲ ತಗಿ. ಅಳವಲ್ಲದ ಕೂಸಿನ ಬೆನ್ನು ತಿಕ್ಕಿ ಅಳಿಸಿದಾಕಿ ನೀನ. ನಾ ನೋಡೀನಿ. ಕಟ್ಟು."

ಅವಳಿಗೆ ನನ್ನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಸಮಾಧಾನ ಹೇಳಲು ಬಂದವಳೂ ಅಲ್ಲ, ತನ್ನ ಕೆಲಸ ಮಾಡಿಸಿಕೊಳ್ಳಲು ಬಂದವಳು. ಅದಕ್ಕೇ ನಾನು ನಂಬಿದೆ. ಕೂಸಿನ ಕೈ ಹಿಡಿದೆ. ಬೆಚ್ಚಗಿತ್ತು, ಬಿಡಿಸಿಕೊಳ್ಳಲು ಒದ್ದಾಡುತ್ತಿತ್ತು. ಒಂದು ಸುತ್ತು ಸುತ್ತಿದೆ.

"ಸುಮ್ಮ ಕಟ್ಟಬಾರ್ದು. ಬಾಯಿಲೆ ಅನಬೇಕು."

ಏನನ್ನಬೇಕೆಂದು ನನಗೆ ಗೊತ್ತಿತ್ತು. ಬಿ.ಪಿ.ಗೆ ಕಾದು ಕೂತ ಮುದುಕರೆಲ್ಲ ನೋಡುತ್ತಿದ್ದಂತೆಯೇ ನಾನು ಗಳಗಳ ಅತ್ತೆ. ಅಳುತ್ತಲೇ, "ನದರ ಹತ್ತಬಾರ್ದು," ಎಂದು ಗಂಟು ಹಾಕಿದೆ. ಕೂಸು ಕೈ ಎತ್ತಿ ದಾರವನ್ನು ನೋಡಿತು, ಆಮೇಲೆ ಮುಷ್ಟಿ ಸಮೇತ ಬಾಯಿಗೆ ತುರುಕಿಕೊಂಡು ಜೊಲ್ಲು ಸುರಿಸಿತು. ಡ್ರೈವರ್ ನೆನಪಾದ. ಕತ್ತರಿ ನೆನಪಾಗಲಿಲ್ಲ. ನಾನು ಕೂಸನ್ನು ಎತ್ತಿಕೊಂಡೆ.

ಒಳಗಿನಿಂದ ಡಾಕ್ಟರಮ್ಮ ಯಾವಾಗ ಬಂದು ನಿಂತಿದ್ದರೋ. "ಕಣ್ಣೊರೆಸ್ಕಂಡು ಬಾರಮ್ಮ, ಒಳಗೆ ಒಬ್ಬಾಕಿಗೆ ನೋವು ಜಾಸ್ತಿ ಆಗೈತೆ," ಎಂದರು. ಕೈ ತೊಳೆದು ಒಳಗೆ ಹೋದೆ. ಆ ಮಧ್ಯಾಹ್ನ ಹುಟ್ಟಿದ ಕೂಸಿನ ಅಜ್ಜಿಗೆ ಕಣ್ಣು ಮಂಜು, ದಾರದ ತುದಿ ಸಿಗುತ್ತಿರಲಿಲ್ಲ. ಇಲ್ಲಿ ಕೊಡ್ರಿ ಎಂದು ನಾನೇ ಇಸಿದುಕೊಂಡೆ.

ಅವತ್ತಿಗೆ ಎಲ್ಲ ವಾಸಿಯಾಯಿತೆಂದರೆ ಸುಳ್ಳಾಗುತ್ತದೆ. ಆ ಡ್ರೈವರ್ ಈಗಲೂ ಕನಸಿನಲ್ಲಿ ಬಂದು ಗಾಡಿಯ ಚಕ್ರದ ಲೆಕ್ಕ ಕೇಳುತ್ತಾನೆ. ಹತ್ತು ಚಕ್ರದ್ದೂ ಮಾಡುತ್ತಾರಪ್ಪ ಎಂದು ಉತ್ತರ ಕೊಟ್ಟು ಮಗ್ಗುಲಾಗುತ್ತೇನೆ.

ಆ ಸಂಜೆ ಬಸ್ಸಿಳಿದು ಮನೆಗೆ ಬಂದವಳೇ ಗೂಡಿನಲ್ಲಿದ್ದ ತಾಯತ ತೆಗೆದು ಅಮ್ಮಿಯ ಮುಂದೆ ತೋಳು ಚಾಚಿದೆ. ಅವಳು ಏನನ್ನೂ ಕೇಳದೆ, ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಕಟ್ಟಿದಳು. ಇದು ಯಾಕೆ ಅಮ್ಮಿ ಎಂದೆ, ಗೊತ್ತಿದ್ದೂ. ನದರ ಹತ್ತಬಾರದು ಅಂತ ಎಂದಳು. ಆ ಡ್ರೈವರಿಗೆ ಆದಷ್ಟೇ ಸಮಾಧಾನ ನನಗೂ ಆಯಿತು.